ಚಿತ್ತಯ್ಯನ ರೂಟ್ ಪಾಸ್‌ವರ್ಡ್

ಮನೆಯಲ್ಲಿ ಲಿನಕ್ಸ್ ಕಂಪ್ಯೂಟರ್ ಇಡಬೇಕೆಂದಿರುವ ಹೊಸಬರಿಗೆ ನನ್ನ ಮೊದಲ ಸಲಹೆ ಏನೆಂದರೆ, ಪಕ್ಕದ ಮನೆಯಲ್ಲಿ ಫೋನ್ ಇರಬಾರದು. ಮಿಕ್ಕ ಸಲಹೆಗಳನ್ನು ಕಂಪ್ಯೂಟರ್ ಬಲ್ಲವರು ಕೊಡುತ್ತಾರೆ. ಇದನ್ನು ಮಾತ್ರ ಯಾರೂ ಹೇಳುವುದಿಲ್ಲ, ಏಕೆಂದರೆ ಅವರ ಪಕ್ಕದ ಮನೆಯಲ್ಲಿ ಚಿತ್ತಯ್ಯ ಇರುವುದಿಲ್ಲ. ಹೊಸದುರ್ಗದಲ್ಲಿ ಹೊಳಲ್ಕೆರೆ ರಸ್ತೆಗೆ ಮುಖ ಮಾಡಿ ನಡುವೆ ಒಂದು ಕಿರು ಓಣಿಯಷ್ಟೇ ಬಿಟ್ಟು ನಿಂತಿರುವ ಎರಡು ಮನೆಗಳಲ್ಲಿ ಒಂದು ನನ್ನದು, ಇನ್ನೊಂದು ಅವನದು. ಫೋನ್ ನನ್ನದು, ಕಂಪ್ಯೂಟರ್ ಅವನದು. ಈ ಹಂಚಿಕೆಯಿಂದಾಗಿ ವಿಷಯ ಮಾಡದಕೆರೆಯ ಜನ ರಸ್ತೆಗೆ ಅಡ್ಡ ಕೂರಲು ಬರುವವರೆಗೆ ಹೋಯಿತು ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ಅಲ್ಲಿ ಇಲ್ಲದಿದ್ದರೆ ನಂಬುತ್ತಿರಲಿಲ್ಲ.

ಚಿತ್ತಯ್ಯ ಮಂಗಳಾ ಮೋಟಾರ್ ಸರ್ವಿಸ್‌ನ ಬಸ್ ಏಜೆಂಟ್. ಮಾಡದಕೆರೆಯಿಂದ ಹೊಸದುರ್ಗ, ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗಿ ಬರುವ ಬಸ್ಸಿಗೆ ಹೊಸದುರ್ಗದ ಕೌಂಟರಿನಲ್ಲಿ ಕೂತು ಟಿಕೆಟ್ ಕೊಡುವುದು, ಹೊತ್ತಿಗೆ ಸರಿಯಾಗಿ ಬಸ್ ಬಿಡಿಸುವುದು ಅವನ ಕೆಲಸ. ಈ ಕೆಲಸವನ್ನು ಅವನು ಕೈಯಿಂದ ಮಾಡುತ್ತಿರಲಿಲ್ಲ, ಗಂಟಲಿನಿಂದ ಮಾಡುತ್ತಿದ್ದ. "ಹೊಳಲ್ಕೆರೆ ದುರ್ಗ, ಹೊಳಲ್ಕೆರೆ ದುರ್ಗಾ!" ಎಂದು ಅವನು ಒಮ್ಮೆ ಕೂಗಿದರೆ ಹಿರಿಯೂರಿಗೆ ಹೋಗಬೇಕಾದವರೂ ಗಾಬರಿಯಾಗಿ ಹತ್ತಿ ಕೂರುತ್ತಿದ್ದರು. ಡ್ರೈವರಿಗೂ ಕಂಡಕ್ಟರ್ ಗೊಲ್ಲಪ್ಪನಿಗೂ ಅವನ ದನಿಯೇ ಕಾನೂನು. ಅವನು "ಸಿಂಗಲ್ ಕೊಡು" ಎಂದರೆ ಗೊಲ್ಲಪ್ಪ ಒಂದು ವಿಸಲ್ ಊದುತ್ತಿದ್ದ, ಬಸ್ ನಿಲ್ಲುತ್ತಿತ್ತು. "ಡಬಲ್ ಕೊಡು" ಎಂದರೆ ಎರಡು ಊದುತ್ತಿದ್ದ, ಬಸ್ ಹೊರಡುತ್ತಿತ್ತು. ಮನೆಯಲ್ಲಿ ಚಿತ್ತಯ್ಯ ಹೆಂಡತಿ ಹೇಮಾವತಿಯ ಹತ್ತಿರ ಉಪ್ಪು ಕೇಳಿದರೆ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಉಪ್ಪಿನ ಡಬ್ಬಿ ಹುಡುಕುತ್ತಿದ್ದಳು.

ಎರಡು ಸಾವಿರದ ಎರಡನೇ ಇಸವಿ. ಬಸ್ಸಿನ ಮಾಲೀಕ ಮೋಹನ್‌ಕುಮಾರ್ ಚಿತ್ರದುರ್ಗದವರು. ಯಾರದೋ ಮದುವೆಯ ಊಟದ ಸಾಲಿನಲ್ಲಿ ಯಾರೋ "ಈಗೆಲ್ಲಾ ಕಂಪ್ಯೂಟರ್ ಸಾರ್" ಎಂದದ್ದು ಅವರ ಕಿವಿಗೆ ಬಿತ್ತು. ಹೋಳಿಗೆ ಅರಗುವ ಮುಂಚೆ ಅವರು ಹೊಸದುರ್ಗದ ಕೌಂಟರಿಗೆ ಬಂದು ನಿಂತರು.

"ಚಿತ್ತಯ್ಯ, ನಿಂಗೆ ಕಂಪ್ಯೂಟರ್ ಬರ್ತೈತೇನಯ್ಯ?"

ಬರುವುದಿಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುತ್ತ ಪ್ರಯಾಣಿಕರು ನಿಂತಿದ್ದರು. ಚಿತ್ತಯ್ಯ ಎದೆ ಸೆಟೆಸಿ, "ಬರ್ದೇ ಏನ್ ಸಾರ್, ಮನೇಲೇ ಐತಲ್ಲ!" ಎಂದುಬಿಟ್ಟ. ಅವನ ಮನೆಯಲ್ಲಿ ಆಗ ಇದ್ದ ಅತಿ ದೊಡ್ಡ ಯಂತ್ರವೆಂದರೆ ಗ್ರೈಂಡರ್.

"ಹಂಗಾದ್ರೆ ಒಳ್ಳೇದಾಯ್ತು. ಒಂದು ಪ್ರಿಂಟರ್ ಕಳಿಸ್ತೀನಿ. ಬರೋ ಸೋಮವಾರ ನಾನೇ ಬಸ್ಸಲ್ಲಿ ಬರ್ತೀನಿ. ಟೈಂ ಶೀಟ್ ಕಂಪ್ಯೂಟರಲ್ಲಿ ಹೊಡ್ದು ಪ್ರಿಂಟ್ ತೆಗ್ದು ತೋರ್ಸು. ನಿನ್ನ ಕೈಲಾಗ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕಬೇಡ, ಹೊಳಲ್ಕೆರೇಲಿ ಕಂಪ್ಯೂಟರ್ ಕಲ್ತೋನೊಬ್ಬ ಅವ್ನೆ. ಕೌಂಟರಿಗೆ ಅವನ್ನ ಕೂರಿಸ್ತೀನಿ."

ಆ ದಿನ ಚಿತ್ತಯ್ಯ ಮನೆಗೆ ಬಂದು ಉಪ್ಪು ಕೇಳಲಿಲ್ಲ. ಸಾರು ಸಪ್ಪೆಯಾಗಿಯೇ ಉಂಡನಂತೆ.

ಅವನ ಅಕ್ಕನ ಮಗ ಪ್ರದೀಪ್ ಚಿತ್ರದುರ್ಗದಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ಮಾವನ ಮಾನ ಉಳಿಸಲು ಅವನೇ ಒಂದು ಹಳೆಯ ಕಂಪ್ಯೂಟರ್ ಹೊಂದಿಸಿ ಮಂಗಳಾ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದ. ಯಾವುದೋ ಪತ್ರಿಕೆಯ ಜೊತೆ ಬಂದಿದ್ದ ಸಿ.ಡಿ.ಯಿಂದ ಅದಕ್ಕೆ ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ತಂತ್ರಾಂಶ ತುಂಬಿದ. ಆಮೇಲೆ ಮಾವನನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡು ಉಪದೇಶಕ್ಕೆ ತೊಡಗಿದ. ರಿಟೈರಾದ ಇಂಗ್ಲಿಷ್ ಮೇಷ್ಟ್ರು ಎಂಬ ಗೌರವಕ್ಕೆ ನನಗೂ ಒಂದು ಸ್ಟೂಲ್ ಸಿಕ್ಕಿತ್ತು.

"ನೋಡ್ರಿ ಮಾವ, ಇದ್ರಾಗೆ ಇಬ್ರು ಇರ್ತಾರೆ. ಒಬ್ಬ ರೂಟ್. ಇನ್ನೊಬ್ಬ ಸಾಮಾನ್ಯ ಯೂಸರ್. ರೂಟ್ ಅಂದ್ರೆ ಯಜಮಾನ ಇದ್ದಂಗೆ. ಏನ್ ಬೇಕಾದ್ರೂ ಮಾಡ್ಬೋದು, ಎಲ್ಲಾನೂ ಹಾಳೂ ಮಾಡ್ಬೋದು. ಅದಕ್ಕೇ ಹೊಸಬರು ದಿನದ ಕೆಲ್ಸಕ್ಕೆ ರೂಟ್ ಆಗಿ ಒಳಗೆ ಹೋಗ್ಬಾರ್ದು. ಸಾಮಾನ್ಯನಾಗಿ ಹೋಗ್ಬೇಕು."

ಚಿತ್ತಯ್ಯನ ಮುಖ ಕೆಂಪಾಯಿತು. "ಏನಪ್ಪ, ಮದುವೆಗೆ ಮುಂಚಿಂದ ರೂಟ್ ನೋಡ್ಕಂಡಿರೋನು ನಾನು. ನಮ್ಮನೆ ಕಂಪ್ಯೂಟರಿಗೆ ನಾನು ಪ್ಯಾಸೆಂಜರ್ ಆಗಿ ಹತ್ಬೇಕಾ?"

"ಆ ರೂಟ್ ಅಲ್ಲ ಮಾವ. ಗಿಡದ ಬೇರು ಅಂತೀವಲ್ಲ, ಆ ರೂಟ್."

"ಬೇರೋ ಕಾಂಡವೋ, ರೂಟ್ ಅಂದ್ರೆ ರೂಟೇ. ಯಾವ ಊರಿಂದ ಯಾವ ಊರಿಗೆ ಅನ್ನೋದು ಹೇಳು."

ಪ್ರದೀಪ ನನ್ನ ಕಡೆ ನೋಡಿದ. ಇಂಗ್ಲಿಷಿನ ಎರಡು ಬೇರೆ ಬೇರೆ ಪದಗಳು ಕನ್ನಡದ ಬಾಯಿಗೆ ಬಂದು ಒಂದೇ ಆಗಿಬಿಟ್ಟಿರುವುದನ್ನು ನಾನು ಸ್ಪೆಲ್ಲಿಂಗ್ ಸಮೇತ ವಿವರಿಸಿದೆ. ಚಿತ್ತಯ್ಯ ಎಲ್ಲವನ್ನೂ ಕೇಳಿ, "ಮೇಷ್ಟ್ರು ಹೇಳಿದ್ದು ಸರಿಯಾಗೈತೆ, ರೂಟ್ ನನ್ನ ಹೆಸರಿಗೇ ಇರ್ಲಿ" ಎಂದ. ಕೊನೆಗೆ ಸಾಮಾನ್ಯ ಯೂಸರ್ ಸ್ಥಾನ ಹೇಮಾವತಿಯ ಪಾಲಿಗೆ ಬಂತು. ಅದರಲ್ಲಿ ಅವಳಿಗೆ ಹೊಸತೇನೂ ಕಾಣಲಿಲ್ಲ.

ಉಪದೇಶ ಮುಂದುವರಿಯಿತು. ತೆರೆಯ ಮೇಲೆ ಬಂದದ್ದನ್ನು ಓದದೆ ಎಂಟರ್ ಒತ್ತಬಾರದು. ಸ್ವಿಚ್ ಕಿತ್ತು ಆರಿಸಬಾರದು. ರೂಟ್ ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು, ಮರೆಯಲೂಬಾರದು. ಅದನ್ನು ಹೊಡೆಯುವಾಗ ತೆರೆಯ ಮೇಲೆ ಒಂದು ಚುಕ್ಕಿಯೂ ಕಾಣುವುದಿಲ್ಲ, ಹೆದರಬಾರದು.

"ಕಾಣ್ದೇ ಇದ್ರೆ ಹೊಡ್ದಿದ್ದು ಗೊತ್ತಾಗೋದು ಹೆಂಗೆ?" ಎಂದು ಹೇಮಾವತಿ ಕೇಳಿದಳು.

"ಗೊತ್ತಾಗ್ಬಾರ್ದು ಅಂತಾನೇ ಅತ್ತೆ. ಪಕ್ಕದಾಗೆ ಕುಂತೋರಿಗೆ ಎಷ್ಟು ಅಕ್ಷರ ಅನ್ನೋದೂ ತಿಳೀಬಾರ್ದು."

ಪ್ರದೀಪ ಸಂಜೆಯ ಬಸ್ಸಿಗೆ ಹೊರಟುಹೋದ. ಹೊರಟ ಮೇಲೆ ಚಿತ್ತಯ್ಯನ ತಲೆಗೆ ಒಂದು ಹುಳ ಹೊಕ್ಕಿತು. ಪಾಸ್‌ವರ್ಡ್ ಇಟ್ಟವನು ಪ್ರದೀಪ. ಅಂದಮೇಲೆ ಅದು ಪ್ರದೀಪನಿಗೆ ಗೊತ್ತು. ಇನ್ನೊಬ್ಬರಿಗೆ ಗೊತ್ತಿರುವುದು ಗುಟ್ಟು ಹೇಗಾಗುತ್ತದೆ? ಅಳಿಯ ಬರೆದುಕೊಟ್ಟಿದ್ದ ಕ್ರಮದಂತೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಅವನು ಪಾಸ್‌ವರ್ಡನ್ನು ಬದಲಾಯಿಸಿಬಿಟ್ಟ. ತುಟಿ ಬಿಗಿ ಹಿಡಿದು, ಒಂದು ಅಕ್ಷರವನ್ನೂ ಉಸುರದೆ ಬದಲಾಯಿಸಿದ. ಚಿತ್ತಯ್ಯ ಜೀವನದಲ್ಲಿ ಬಾಯಿ ಮುಚ್ಚಿಕೊಂಡು ಮಾಡಿದ ಕೆಲಸ ಅದೊಂದೇ. ಕೂಗಿ ಹೇಳಿದ್ದು ಮಾತ್ರ ಅವನ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಆಗ ಅವನಿಗೂ ಗೊತ್ತಿರಲಿಲ್ಲ.

ಶನಿವಾರ ಹೇಮಾವತಿ ಸಾಮಾನ್ಯ ಯೂಸರ್ ಆಗಿ ಕೂತು ಒಂದೊಂದೇ ಅಕ್ಷರ ಕುಟ್ಟಿ ಟೈಂ ಶೀಟ್ ಪೂರ್ತಿ ಮಾಡಿದಳು. ಮೋಹನ್‌ಕುಮಾರ್ ಕಳಿಸಿದ್ದ ಪ್ರಿಂಟರನ್ನು ಚಿತ್ತಯ್ಯ ಸಿಕ್ಕಿಸಿದ. ಪ್ರಿಂಟರನ್ನು ಸೇರಿಸಿಕೊಳ್ಳಬೇಕಾದರೆ ರೂಟ್ ಪಾಸ್‌ವರ್ಡ್ ಹೇಳು ಎಂದು ಕಂಪ್ಯೂಟರ್ ಕೇಳಿತು. ಚಿತ್ತಯ್ಯ ಹೊಡೆದ. ತಪ್ಪು ಎಂದಿತು. ಇನ್ನೊಂದು ಹೊಡೆದ. ಅದೂ ತಪ್ಪು. ಮನೆದೇವರ ಹೆಸರು, ಮಾವನ ಹೆಸರು, ಬಸ್ಸಿನ ನಂಬರು, ಹಿಂದಿನ ಬಸ್ಸಿನ ನಂಬರು, ಎಲ್ಲವೂ ತಪ್ಪು. ಕಡೆಗೆ ಚಪ್ಪಲಿಯನ್ನೂ ಮೆಟ್ಟದೆ ನಮ್ಮ ಮನೆಗೆ ಓಡಿಬಂದು ಫೋನ್ ಹಿಡಿದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಗಳ ಮುಂದೆ ಒಂದು ಹೊಂಗೆ ಮರವಿದೆ. ಸಂತೆ ಮುಗಿಸಿದ ಮಾಡದಕೆರೆ ಕಡೆಯವರು ಅದರ ಕೆಳಗೆ ಬಸ್ಸಿಗೆ ಕಾಯುತ್ತಾರೆ. ಅವರಿಗೆ ಕೇಳಿಸಿದ್ದು ಇಷ್ಟು:

"ಅಲೋ! ಪ್ರದೀಪಾ! ರೂಟ್ ಹೋಗ್ಬಿಡ್ತು ಕಣಪ್ಪೋ! ಹ್ಞಾಂ, ನಾನೇ ಬದಲಾಯ್ಸಿದ್ದು! ಈಗ ನನಗೇ ಪರ್ಮಿಷನ್ ಇಲ್ಲ ಅಂತೈತೆ! ಏನು? ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕಾ? ಬ್ಯಾಡಪ್ಪೋ, ಸೋಮವಾರ ಸಾಹುಕಾರ್ರು ಬರ್ತಾರೆ, ನನ್ನ ಗತಿ ಏನು!"

ಆ ಕಡೆಯಿಂದ ಪ್ರದೀಪ ಹೇಳಿದ್ದು ಮರದ ಕೆಳಗಿನವರಿಗೆ ಕೇಳಿಸಲಿಲ್ಲ. ಅಳಿಸುವುದು ಬೇಡ, ಬೇರೆ ದಾರಿ ಇದೆ, ತಾನೀಗ ಹಿರಿಯೂರಿಗೆ ಮದುವೆಗೆ ಹೊರಟಿದ್ದೇನೆ, ಸೋಮವಾರ ಬೆಳಿಗ್ಗೆ ಫೋನ್ ಮಾಡಿದರೆ ಹೇಳಿಕೊಡುತ್ತೇನೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದಿದ್ದ ಅವನು.

ಚಿತ್ತಯ್ಯ ಫೋನಿಟ್ಟು ನಮ್ಮ ಜಗಲಿಯ ಮೇಲೆ ಕುಸಿದು ಕೂತ. "ಕೌಂಟರ್ ಹೋದ್ರೆ ನಾನು ಎಲ್ಲಿ ಕೂಗ್ಲಿ ಮೇಷ್ಟ್ರೇ?" ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ವರ್ಷಗಟ್ಟಲೆ ಆ ದನಿಯನ್ನು ಬೈದುಕೊಂಡು ಬಂದ ನಾನೇ ಒಳಗೆ ಹೋಗಿ ಅವನಿಗೊಂದು ಲೋಟ ಕಾಫಿ ತಂದುಕೊಟ್ಟೆ.

ಭಾನುವಾರ ಬೆಳಿಗ್ಗೆ ಗಂಗಕ್ಕ ಬಂದಳು. ಮಾಡದಕೆರೆಯ ಗಂಗಕ್ಕ ಕೋಳಿ ಸಾಕುವವಳು. ಬಸ್ಸಿನಲ್ಲಿ ಅವಳ ಮಡಿಲಲ್ಲಿ ಯಾವಾಗಲೂ ಒಂದು ಹುಂಜ ಇರುತ್ತದೆ. ಅದಕ್ಕೆ ಟಿಕೆಟ್ ತೆಗೆಯಬೇಕೋ ಬೇಡವೋ ಎಂಬುದು ಅವಳಿಗೂ ಗೊಲ್ಲಪ್ಪನಿಗೂ ಹಳೆಯ ವ್ಯಾಜ್ಯ. ಅಂದು ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡೇ ಅವಳು ಚಿತ್ತಯ್ಯನ ಬಾಗಿಲಲ್ಲಿ ನಿಂತಳು.

"ಏನ್ ಚಿತ್ತಯ್ಯ, ರೂಟ್ ಹೋಯ್ತಂತೆ?"

ತನ್ನ ಮನೆಯ ಕಂಪ್ಯೂಟರಿನ ಸಂಕಟ ಮಾಡದಕೆರೆಯವರೆಗೆ ಮುಟ್ಟಿದೆಯಲ್ಲ ಎಂದು ಚಿತ್ತಯ್ಯನಿಗೆ ಕಣ್ಣು ತುಂಬಿ ಬಂತು. "ಹೋಯ್ತು ಗಂಗಕ್ಕ. ನಿನ್ನೆಯಿಂದ ಇಲ್ಲ."

"ಅಯ್ಯೋ ನಮ್ಮಪ್ಪ! ಯಾಕ್ ಹೋಯ್ತು?"

"ನಾನೇ ಬದಲಾಯ್ಸಿದೆ. ಅಳಿಯನಿಗೆ ತಿಳೀಬಾರ್ದು ಅಂತ."

"ಅಳಿಯನೂ ಬಸ್ ಮಡಗವ್ನಾ?"

"ಬಸ್ ಇಲ್ಲ. ಬಸ್ಸಿನ ಟಾಪ್ ಮೇಲೆ ತಂದ."

ಗಂಗಕ್ಕನಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದದ್ದರಿಂದ ವಿಷಯ ತುಂಬಾ ದೊಡ್ಡದಿರಬೇಕು ಎಂದುಕೊಂಡಳು. "ಮತ್ತೆ ನಾವು ಹೆಂಗಪ್ಪ ಹೋಗಾಣ?"

"ಸಾಮಾನ್ಯರು ಹೋಗ್ಬೋದು ಗಂಗಕ್ಕ. ಹೇಮಾ ದಿನಾ ಹೋಗಿ ಬರ್ತಾಳೆ. ನಾನು ಹೋಗಂಗಿಲ್ಲ, ಅಷ್ಟೇ."

ಇಬ್ಬರ ನಡುವೆ ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದ ಹುಂಜ ಒಮ್ಮೆ ಕೂಗಿತು. ಆ ಸಂಭಾಷಣೆಯಲ್ಲಿ ನನಗೆ ತಿಳಿದ ಮಾತೆಂದರೆ ಅದೊಂದೇ.

ಸಂಜೆಯ ಹೊತ್ತಿಗೆ ಮಾಡದಕೆರೆಯ ಪಂಚಾಯಿತಿ ಮೆಂಬರ್ ತಿಪ್ಪಯ್ಯ ಬಿಳಿ ಅಂಗಿ ತೊಟ್ಟು ಮನವಿಪತ್ರದೊಂದಿಗೆ ಹಾಜರಾದ. ಸಂತೆಗೆ ಬರುವವರು, ಆಸ್ಪತ್ರೆಗೆ ಬರುವವರು, ಕಾಲೇಜಿಗೆ ಹೋಗುವವರು, ಎಲ್ಲರಿಗೂ ಇದ್ದದ್ದು ಆ ಒಂದು ನೇರ ಬಸ್. ಅದು ನಿಂತುಹೋದರೆ ಊರಿಗೆ ಊರೇ ಎತ್ತಿನ ಗಾಡಿ ಹೂಡಬೇಕಾಗುತ್ತದೆ ಎಂದು ಅವನು ನಮ್ಮ ಜಗಲಿಯ ಮೇಲೆ ನಿಂತು ಭಾಷಣ ಮಾಡಿದ. ಕೇಳಲು ಇದ್ದವರು ನಾನು, ನನ್ನ ಹೆಂಡತಿ ಇಬ್ಬರೇ.

ನಾನು ಅವನನ್ನು ಕೂರಿಸಿ, ಇಂಗ್ಲಿಷಿನ ಎರಡು ಪದಗಳನ್ನು ಮತ್ತೆ ಬಿಡಿಸಿ ಹೇಳಿದೆ. ಬಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಇದು ಬೇರು ಎಂದೆ. ತಿಪ್ಪಯ್ಯ ಗಂಭೀರವಾಗಿ ತಲೆಯಾಡಿಸಿದ. "ಬೇರೇ ಹೋದ್ಮೇಲೆ ಇನ್ನೇನ್ ಉಳಿತು ಮೇಷ್ಟ್ರೇ? ನಾಳೆ ಸಾಹುಕಾರ್ರು ಬರ್ಲಿ. ರಸ್ತೆಗೆ ಅಡ್ಡ ಕುಂತ್ಕಂತೀವಿ" ಎಂದು ಎದ್ದುಹೋದ. ಮೂವತ್ತು ವರ್ಷ ಪಾಠ ಹೇಳಿದ್ದಕ್ಕೆ ನನಗೆ ನಾಚಿಕೆಯಾಯಿತು.

ಸೋಮವಾರ ಬೆಳಗಾಯಿತು. ಹೊಂಗೆ ಮರದ ಕೆಳಗೆ ತಿಪ್ಪಯ್ಯನ ಮುಂದಾಳತ್ವದಲ್ಲಿ ಮಾಡದಕೆರೆಯವರು ಚಾಪೆ ಸಮೇತ ಬಂದು ಕೂತಿದ್ದರು. ಯಾವ ಘೋಷಣೆ ಕೂಗಬೇಕು ಎಂಬುದು ಇತ್ಯರ್ಥವಾಗಿರಲಿಲ್ಲವಾದ್ದರಿಂದ ಸದ್ಯಕ್ಕೆ ಕಡಲೆಕಾಯಿ ತಿನ್ನುತ್ತಿದ್ದರು. ಅವರನ್ನು ನೋಡಿ ಚಿತ್ತಯ್ಯ, "ನೋಡಿ ಮೇಷ್ಟ್ರೇ, ನನಗೆ ಧೈರ್ಯ ಹೇಳಕ್ಕೆ ಎಷ್ಟು ಜನ ಬಂದವ್ರೆ" ಎಂದ. ಅವನ ಗೊಂದಲವನ್ನು ಬಿಡಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಅವನು ಓಣಿಯ ಕಡೆಗಿರುವ ನಮ್ಮ ಮನೆಯ ಕಿಟಕಿಯ ಹತ್ತಿರ ಫೋನ್ ಎಳೆದುಕೊಂಡು ನಿಂತ. ಆ ಕಡೆ ಅವನ ಮನೆಯ ಕಿಟಕಿಯೊಳಗೆ ಹೇಮಾವತಿ ಕಂಪ್ಯೂಟರಿನ ಮುಂದೆ ಕೂತಳು. ಪ್ರದೀಪ ಫೋನಿನಲ್ಲಿ ಹೇಳಬೇಕು, ಚಿತ್ತಯ್ಯ ಕೂಗಬೇಕು, ಹೇಮಾವತಿ ಒತ್ತಬೇಕು. ಏರ್ಪಾಡು ಸರಿಯಾಗಿಯೇ ಇತ್ತು, ಪಕ್ಕದಲ್ಲೇ ರಸ್ತೆ ಇದ್ದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪಾಸ್‌ವರ್ಡ್ ಮರೆತವರಿಗೆ ಲಿನಕ್ಸಿನಲ್ಲಿ ಒಂದು ಹಿತ್ತಿಲ ಬಾಗಿಲಿದೆಯಂತೆ. ಕಂಪ್ಯೂಟರ್ ಶುರುವಾಗುವಾಗ ಒಂದು ಕ್ಷಣ ನಿಂತು ಏನಾದರೂ ಹೇಳುತ್ತೀಯಾ ಎಂದು ಕೇಳುತ್ತದೆ. ಆಗ ಲಿನಕ್ಸ್ ಎಂದು ಹೊಡೆದು, ಸ್ವಲ್ಪ ಜಾಗ ಬಿಟ್ಟು, ಸಿಂಗಲ್ ಎಂದು ಹೊಡೆದರೆ ಪಾಸ್‌ವರ್ಡ್ ಕೇಳದೆ ಒಬ್ಬರನ್ನು ಒಳಗೆ ಬಿಡುತ್ತದೆ. ಪ್ರದೀಪ ಇದನ್ನು ನಿಧಾನವಾಗಿ ಹೇಳಿದ. ಚಿತ್ತಯ್ಯ ನಿಧಾನವಾಗಿ ಹೇಳುವ ಮನುಷ್ಯನಲ್ಲ.

ಸರಿಯಾಗಿ ಅದೇ ಹೊತ್ತಿಗೆ ಹೊಳಲ್ಕೆರೆ ಕಡೆಯಿಂದ ಮಂಗಳಾ ಬಸ್ ತುಂಬಿಕೊಂಡು ಬರುತ್ತಿತ್ತು. ಮುಂದಿನ ಸೀಟಿನಲ್ಲಿ ಸ್ವತಃ ಮೋಹನ್‌ಕುಮಾರ್.

"ಲಿನಕ್ಸ್ ಹೊಡೆದ್ಯಾ?" ಚಿತ್ತಯ್ಯ ಕಿಟಕಿಯಿಂದ ಕೂಗಿದ.

"ಹೊಡ್ದೆ!"

"ಜಾಗ ಬಿಡೂ!"

ಮರದ ಕೆಳಗೆ ಕೂತಿದ್ದವರು ತಟ್ಟನೆ ಎದ್ದು ಜಾಗ ಬಿಟ್ಟರು.

"ಸಿಂಗಲ್ ಕೊಡು! ಸಿಂಗಲ್! ಸಿಂಗಲ್!"

ಬಸ್ಸಿನ ಫುಟ್‌ಬೋರ್ಡಿನ ಮೇಲಿದ್ದ ಗೊಲ್ಲಪ್ಪ ಆ ದನಿಗೆ ಎಂದೂ ಎದುರಾಡಿದವನಲ್ಲ. ವಿಸಲ್ ಬಾಯಿಗೆ ಹೋಯಿತು. ಪೀ ಎಂದು ಒಂದು ಸಿಂಗಲ್ ಕೊಟ್ಟ. ಡ್ರೈವರೂ ಎದುರಾಡಿದವನಲ್ಲ. ಬ್ರೇಕಿನ ಮೇಲೆ ಎದ್ದು ನಿಂತ. ಬಸ್ ಚಿತ್ತಯ್ಯನ ಮನೆಯ ಮೆಟ್ಟಿಲಿಗೆ ಮೂಗು ತಾಗಿಸಿ ನಿಂತಿತು. ಒಳಗಿದ್ದವರೆಲ್ಲ ಮುಂದಕ್ಕೆ ಬಂದರು. ಹೊಳಲ್ಕೆರೆಯಲ್ಲಿ ಹತ್ತಿ ಹಿಂದಿನ ಸೀಟಿನಲ್ಲಿ ಕೂತಿದ್ದ ಗಂಗಕ್ಕನ ಹುಂಜ ಎಲ್ಲರಿಗಿಂತ ಮುಂದೆ ಬಂದು ಮೋಹನ್‌ಕುಮಾರರ ಹೆಗಲ ಮೇಲೆ ಕೂತಿತು.

"ಯಾಕೆ ನಿಂತಿತು?" "ರೂಟ್ ಹೋಗೈತಂತೆ!" "ಇಲ್ಲಿಂದ ಮುಂದಕ್ಕೆ ಬಸ್ ಇಲ್ವಂತೆ!" ಎಂಬ ಮಾತು ಬಸ್ಸಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಮರದ ಕೆಳಗಿನವರ ಬಾಯಲ್ಲಿ ಬಲಗೊಂಡು, ವಾಪಸು ಬಂತು. ಎಲ್ಲರೂ ಇಳಿದರು. ಚಿತ್ತಯ್ಯ ಫೋನನ್ನು ನನ್ನ ಕೈಗೆ ತುರುಕಿ ತನ್ನ ಮನೆಗೆ ಓಡಿದ. ಅವನ ನಡುಮನೆ ತುಂಬಿತು.

ಮೋಹನ್‌ಕುಮಾರ್ ಹುಂಜವನ್ನು ಕೊಡವಿಕೊಂಡು ಒಳಗೆ ಬಂದರು. ಅವರ ಮುಖ ಬಿಳುಚಿತ್ತು. ಅದಕ್ಕೆ ಕಾರಣ ನನಗೆ ಆಮೇಲೆ ಗೊತ್ತಾಯಿತು. ಅವರ ಬಸ್ಸಿನ ರೂಟ್ ಪರ್ಮಿಟ್ಟನ್ನು ಹೊಸದು ಮಾಡಿಸುವ ಅರ್ಜಿ ನಿಜವಾಗಿಯೂ ಇನ್ನೂ ಇತ್ಯರ್ಥವಾಗಿರಲಿಲ್ಲ. ಹೊಳಲ್ಕೆರೆಯಲ್ಲಿ ಬಸ್ ನಿಂತಾಗ ಯಾರೋ "ಸಾರ್, ರೂಟ್ ಹೋಯ್ತಂತೆ" ಎಂದದ್ದನ್ನು ಕೇಳಿ ಅರ್ಜಿ ಬಿದ್ದುಹೋಯಿತೆಂದೇ ಅವರು ನಂಬಿದ್ದರು.

"ಚಿತ್ತಯ್ಯ, ರೂಟ್ ವಿಷಯ ನಿಂಗೆ ಹೆಂಗಯ್ಯ ಗೊತ್ತಾಯ್ತು?"

"ನನ್ನ ಕೈಯಾರೆ ಕಳ್ಕಂಡಿದ್ದು ಸಾರ್. ಕ್ಷಮಿಸ್ಬೇಕು. ಈಗ ಒಂದು ಗಳಿಗೆ, ವಾಪಸ್ ತರ್ತೀನಿ."

"ವಾಪಸ್ ತರ್ತೀಯಾ? ಇಲ್ಲಿಂದಲೇ?"

"ಇಲ್ಲಿಂದಲೇ ಸಾರ್. ಹೇಮಾ ಆಗ್ಲೇ ಒಳಗೆ ಹೋಗವ್ಳೆ."

ಹೌದು, ಈ ಗಲಾಟೆಯಲ್ಲಿ ಹೇಮಾವತಿ ತಲೆ ಎತ್ತದೆ ಸಿಂಗಲ್ ಹೊಡೆದು ಎಂಟರ್ ಒತ್ತಿದ್ದಳು. ಕಂಪ್ಯೂಟರ್ ಮರುಮಾತಿಲ್ಲದೆ ಬಾಗಿಲು ತೆರೆದು, ಹೊಸ ಪಾಸ್‌ವರ್ಡ್ ಏನಿಡಲಿ ಎಂದು ಕಾದು ಕೂತಿತ್ತು. ಚಿತ್ತಯ್ಯ ಅವಳನ್ನು ಎಬ್ಬಿಸಿ ತಾನೇ ಕೂತ. ಫೋನ್ ಈಗ ನನ್ನ ಕೈಯಲ್ಲಿತ್ತು. ಪ್ರದೀಪನ ಮಾತನ್ನು ಕಿಟಕಿಯಿಂದ ಕಿಟಕಿಗೆ ನಾನು ದಾಟಿಸಬೇಕಾಯಿತು.

"ಯಾರಿಗೂ ಹೊಳೆಯಬಾರದಂತೆ!" ನಾನೂ ಕೂಗಿದೆ. "ನಿನಗೆ ಮರೆಯಬಾರದಂತೆ! ಹೆಸರು ಬೇಡವಂತೆ! ಅಕ್ಷರದ ಜೊತೆ ಒಂದು ಅಂಕಿ ಇರಬೇಕಂತೆ!"

ಚಿತ್ತಯ್ಯ ಕಣ್ಣು ಮುಚ್ಚಿ ಯೋಚಿಸಿದ. ಮುಂದೆ ಮಾಲೀಕರು ನಿಂತಿದ್ದರು, ಹಿಂದೆ ಊರು ನಿಂತಿತ್ತು. ಆಗ ಬಾಗಿಲ ಕಡೆಯಿಂದ ಗೊಲ್ಲಪ್ಪನ ದನಿ ಬಂತು. ಸಿಕ್ಕ ಸಮಯ ಬಿಡಬಾರದೆಂದು ಅವನು ಹಳೆಯ ವ್ಯಾಜ್ಯ ತೆಗೆದಿದ್ದ. "ಗಂಗಕ್ಕ, ಹುಂಜ ಸಾಹುಕಾರ್ರ ಸೀಟಲ್ಲಿ ಕುಂತಿತ್ತು. ಇವತ್ತಾದ್ರೂ ಟಿಕೆಟ್ ತಗೋ."

"ಹಾರಿ ಹೋಗಿದ್ದಕ್ಕೆ ಟಿಕೆಟ್ಟಾ? ನಿಂತಿದ್ದು ನಿನ್ನ ಬಸ್ಸು, ಹಾರಿದ್ದು ನನ್ನ ಕೋಳಿ!"

"ಲೇ, ಸುಮ್ನಿರ್ರಿ ಇಬ್ರೂ! ಕೋಳಿಗೆ ಹಾಫ್ ಟಿಕೆಟ್! ಎಷ್ಟು ಸಲ ಹೇಳ್ಬೇಕು!" ಎಂದು ಗದರಿದ ಚಿತ್ತಯ್ಯ ಥಟ್ಟನೆ ನಿಂತ. ಅವನ ಮುಖ ಅರಳಿತು. "ಸಿಕ್ತು!" ಎಂದು ಕೀಲಿಮಣೆಯ ಮೇಲೆ ಬಾಗಿದ. ಇನ್ನು ಮರೆಯಬಾರದೆಂಬ ಹಟ ಅವನಿಗೆ. ಆದ್ದರಿಂದ ಒಂದೊಂದು ಅಕ್ಷರವನ್ನೂ ಬಸ್‌ಸ್ಟ್ಯಾಂಡಿನ ದನಿಯಲ್ಲಿ ಕೂಗುತ್ತಾ ಒತ್ತತೊಡಗಿದ.

"ಕೋಳಿಗೇ! ಕೆ! ಓ! ಎಲ್!"

"ಈಗ ಐ ಹಾಕು!" ಎಂದ ಗೊಲ್ಲಪ್ಪ.

"ಐ ಅಲ್ಲ, ವೈ!" ಎಂದ ತಿಪ್ಪಯ್ಯ. "ನಮ್ಮ ಪಂಚಾಯ್ತಿ ಬೋರ್ಡಲ್ಲಿ ವೈ ಹಾಕವ್ರೆ."

"ಬೋರ್ಡಲ್ಲಿ ಕೋಳಿ ಯಾಕ್ ಬರ್ತೈತೆ?" ಎಂದು ಗೊಲ್ಲಪ್ಪ ಕೇಳಿದ.

ನಡುಮನೆ ಎರಡು ಪಂಗಡವಾಯಿತು. ಕಡೆಗೆ ಕೋಳಿಯ ಒಡತಿಯನ್ನೇ ಕೇಳೋಣ ಎಂದಾಯಿತು. ಗಂಗಕ್ಕ, "ಯಾವುದಾದ್ರೂ ಹಾಕ್ರಿ, ಹಾಫ್ ಮಾತ್ರ ಬ್ಯಾಡ" ಎಂದಳು. ಐ ಎಂದು ತೀರ್ಮಾನವಾಯಿತು. ಅಂಕಿ ಬೇಕಲ್ಲ ಎಂದಾಗ ಗೊಲ್ಲಪ್ಪ, ಹಾಫ್ ಅಂದರೆ ಒಂದು ಬರೆದು ಗೀಟು ಎಳೆದು ಎರಡು ಬರೆಯುವುದು ಎಂದು ನೆನಪಿಸಿದ. ಗೀಟು ಕೀಲಿಮಣೆಯಲ್ಲಿ ಎಲ್ಲಿದೆ ಎಂದು ಹೇಮಾವತಿ ತೋರಿಸಿದಳು.

ಅಷ್ಟರಲ್ಲಿ ಕಂಪ್ಯೂಟರ್ ಅದನ್ನೇ ಇನ್ನೊಂದು ಸಲ ಹೊಡೆ ಎಂದಿತು. ತೆರೆಯ ಮೇಲೆ ಏನೂ ಕಾಣದ್ದರಿಂದ ಚಿತ್ತಯ್ಯನಿಗೆ ಎಲ್ಲಿದ್ದೇನೆ ಎಂಬುದೇ ತಪ್ಪಿಹೋಯಿತು. "ಎಲ್ಲಾರೂ ಒಟ್ಟಿಗೆ ಹೇಳ್ರಪ್ಪ!" ಎಂದು ಬೇಡಿಕೊಂಡ. ಬಸ್ಸಿನವರು, ಮರದ ಕೆಳಗಿನವರು, ಕಿಟಕಿಗೆ ಜೋತುಬಿದ್ದವರು ಎಲ್ಲ ಸೇರಿ ಮಗ್ಗಿ ಹೇಳುವ ಹಾಗೆ ಹೇಳಿದರು.

"ಕೆ! ಓ! ಎಲ್! ಐ! ಜಿ! ಈ! ಒಂದು! ಗೀಟು! ಎರಡು!"

ಕಂಪ್ಯೂಟರ್ ಒಪ್ಪಿಕೊಂಡಿತು. ಫೋನಿನಲ್ಲಿ ಪ್ರದೀಪ ಅದನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದ. "ಮೇಷ್ಟ್ರೇ, ಅಕ್ಷರ, ಅಂಕಿ, ಚಿಹ್ನೆ ಮೂರೂ ಅವೆ. ಬಲವಾದ ಪಾಸ್‌ವರ್ಡು. ಊಹೆ ಮಾಡಿ ಯಾರೂ ಒಡೆಯಕ್ಕಾಗಲ್ಲ" ಎಂದು ಫೋನಿಟ್ಟ.

ಆಮೇಲೆ ಪ್ರಿಂಟರ್ ಸೇರಿಕೊಂಡಿತು. ಕರಕರ ಎಂದು ಹಲ್ಲು ಕಡಿಯುತ್ತಾ ಟೈಂ ಶೀಟ್ ಹೊರಗೆ ಬಂತು. ಮಾಡದಕೆರೆ ಎಂಬ ಹೆಸರು ಮೇಲೆಯೇ ಇರುವುದನ್ನು ಕಂಡು ತಿಪ್ಪಯ್ಯ ಮನವಿಪತ್ರ ಮಡಿಸಿ ಜೇಬಿಗೆ ಹಾಕಿಕೊಂಡ. ಬಸ್ ಉಳಿಯಿತು ಎಂದು ಜನ ಚಪ್ಪಾಳೆ ತಟ್ಟಿದರು. ಮೋಹನ್‌ಕುಮಾರ್ ಮಾತ್ರ ಕಾಗದ ನೋಡಲಿಲ್ಲ. ಕಂಪ್ಯೂಟರನ್ನೇ ದಿಟ್ಟಿಸುತ್ತಿದ್ದರು.

"ಈಗ ರೂಟ್ ಬಂತಾ?"

"ಬಂತು ಸಾರ್."

"ಯಾರ ಕೈಲೈತೆ?"

"ಪಾಸ್‌ವರ್ಡ್ ಇದ್ದೋರ ಕೈಲಿ ಸಾರ್."

"ಪಾಸ್‌ವರ್ಡ್ ಯಾರತ್ರ ಐತೆ?"

ಚಿತ್ತಯ್ಯ ಆ ತುಂಬಿದ ನಡುಮನೆಯ ಮಧ್ಯೆ ನಿಂತು, ಎದೆಯ ಮೇಲೆ ಕೈಯಿಟ್ಟು, "ನನ್ನೊಬ್ಬನ ಹತ್ರ ಮಾತ್ರ ಸಾರ್" ಎಂದ.

ಮೋಹನ್‌ಕುಮಾರ್ ಬೆವರೊರೆಸಿಕೊಂಡರು. "ಹಂಗಾದ್ರೆ ಕೌಂಟರ್ ನಿಂದೇ ಕಣಯ್ಯ. ಹೊಳಲ್ಕೆರೆಯೋನಿಗೆ ನಾನು ಏನೋ ಒಂದು ಹೇಳ್ಕಂತೀನಿ. ನೀನು ಮಾತ್ರ ಎಲ್ಲಿಗೂ ಹೋಗ್ಬೇಡ."

ಇಂಗ್ಲಿಷಿನ ಎರಡು ಪದಗಳನ್ನು ಮೂರನೆಯ ಸಲ ಬಿಡಿಸಿ ಹೇಳಲು ನಾನು ಕಿಟಕಿಯಲ್ಲಿ ಬಾಯಿ ತೆರೆದೆ. ಹೇಮಾವತಿ ನನ್ನ ಕಡೆ ತಿರುಗಿ ನೋಡಿದಳು. ಎರಡು ದಿನದಿಂದ ಆ ಹೆಂಗಸು ನಿದ್ದೆ ಮಾಡಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ನನ್ನ ಅಧ್ಯಾಪಕ ವೃತ್ತಿಯಲ್ಲಿ ಇಷ್ಟು ಸಂತೋಷದಿಂದ ಒಂದು ತಪ್ಪನ್ನು ತಿದ್ದದೆ ಬಿಟ್ಟದ್ದಿಲ್ಲ.

ಇದೆಲ್ಲ ಆಗಿ ಒಂದು ತಿಂಗಳಿರಬಹುದು. ಪ್ರಿಂಟರಿಗೆ ಮತ್ತೇನೋ ಆಯಿತು. ಕಂಪ್ಯೂಟರ್ ಮತ್ತೆ ರೂಟ್ ಪಾಸ್‌ವರ್ಡ್ ಕೇಳಿತು. ಚಿತ್ತಯ್ಯ ನಮ್ಮ ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ನನ್ನ ಕಿವಿಯ ಹತ್ತಿರ ಬಾಗಿದ.

"ಮೇಷ್ಟ್ರೇ, ಅದು ಏನಿತ್ತು?"

"ಏನು ಏನಿತ್ತು?"

"ಅದೇ. ಐ ಹಾಕಿದ್ವಾ, ವೈ ಹಾಕಿದ್ವಾ? ಟಿಕೆಟ್ ಅಂತ ಇತ್ತಾ, ಇರ್ಲಿಲ್ವಾ? ಹುಂಜ ಅಂತ ಇಟ್ಟಿದ್ನೇನೋ ಅನ್ನಿಸ್ತೈತೆ."

ಕೂಗಿದ್ದು ಅವನಿಗೆ ನೆನಪಿರುತ್ತದೆ ಎಂದುಕೊಂಡಿದ್ದೆ. ಆದರೆ ಆ ದಿನ ಊರೇ ಕೂಗಿದ್ದರಿಂದ ಅವನ ಪಾಲಿನದು ಅದರಲ್ಲಿ ಬೆರೆತುಹೋಗಿತ್ತು. ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಪಾಸ್‌ವರ್ಡನ್ನು ಯಾರೂ ಯಾರಿಗೂ ಹೇಳಬಾರದು ಎಂಬ ಪ್ರದೀಪನ ಸಲಹೆ ನೆನಪಾಯಿತು. ನಿಯಮ ನಿಯಮವೇ ಎಂದು ಸುಮ್ಮನಾದೆ.

ಚಿತ್ತಯ್ಯ ಬೇಸರದಿಂದ ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ನಿಂತ. ಹೊಳಲ್ಕೆರೆ ಕಡೆಯಿಂದ ಮಂಗಳಾ ಬಸ್ ಬರುತ್ತಿತ್ತು.

"ಗೊಲ್ಲಪ್ಪಾ, ಸಿಂಗಲ್ ಕೊಡು!"

ಬಸ್ ನಿಂತಿತು. ಚಿತ್ತಯ್ಯ ಕಿಟಕಿಗಳ ಕಡೆ ಮುಖವೆತ್ತಿ, "ಪಾಸ್‌ವರ್ಡ್ ಯಾರಿಗಾದ್ರೂ ಗೊತ್ತೇನ್ರಪ್ಪಾ?" ಎಂದು ಕೇಳಿದ.

ಬಸ್ಸಿಗೆ ಬಸ್ಸೇ ಹೇಳಿತು. ಅಂದು ಬಂದಿರದವರೂ ಹೇಳಿದರು. ಕಡೆಯ ಗೀಟು, ಎರಡು ಮುಗಿದ ಮೇಲೆ ಹಿಂದಿನ ಸೀಟಿನಿಂದ ಗಂಗಕ್ಕ, "ಆ ಹಾಫ್ ತೆಗ್ಸು, ಆಗ್ಲೇ ಹೇಳಿಲ್ವಾ!" ಎಂದಳು. ಚಿತ್ತಯ್ಯ ಕೇಳಿಸದವನಂತೆ ಡಬಲ್ ಕೊಡಿಸಿದ. ಬಸ್ ಮಾಡದಕೆರೆಗೆ ಹೊರಟಿತು.